ಗಾಳಿ ಕಡಿಮೆ, ಮುಗ್ಗು ವಾಸನೆ: ಐ20 ಎಸಿ ಫಿಲ್ಟರ್ ನಾವೇ ಬದಲಿಸಬಹುದಾ?

ಹೊಂಗೆನೆರಳು:
2016ರ ಎಲೈಟ್ ಐ20, ಮ್ಯಾನುಯಲ್ ಎಸಿ. ಬರುವ ಗಾಳಿ ತಣ್ಣಗೇ ಇದೆ, ಆದರೆ ಬ್ಲೋವರ್ (ಎಸಿ ಫ್ಯಾನ್) 4ಕ್ಕೆ ಇಟ್ಟರೂ ಬರೀ ಶಬ್ದ, ಹಿಂದಿನ ಸೀಟಿಗೆ ಗಾಳಿ ಮುಟ್ಟಲ್ಲ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಮುಗ್ಗು ವಾಸನೆ ಬೇರೆ. ಕಾರು ನಿಲ್ಲೋದು ಹೊಂಗೆ ಮರದ ಕೆಳಗೆ. ಕ್ಯಾಬಿನ್ ಫಿಲ್ಟರ್, ಅಂದ್ರೆ ಒಳಗೆ ಬರೋ ಗಾಳಿ ಸೋಸುವ ಎಸಿ ಫಿಲ್ಟರ್, ಮನೆಯಲ್ಲೇ ಬದಲಿಸಬಹುದಾ? ಕಾರ್ಬನ್ ಫಿಲ್ಟರ್ ತಗೋಬೇಕಾ, ಅಥವಾ ಇರೋದನ್ನೇ ತೊಳೆದು ಹಾಕಿದರೆ ಸಾಕಾ?

ಸ್ಪ್ಯಾನರ್ 14:
ಧಾರಾಳವಾಗಿ ಬದಲಿಸಬಹುದು ಸರ್. ಹತ್ತು ಹದಿನೈದು ನಿಮಿಷದ ಕೆಲಸ.

ಇಗ್ನಿಷನ್ ಆಫ್ ಮಾಡಿ, ಎಡಗಡೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ ತೆರೆಯಿರಿ. ಒಳಗೋಡೆಯ ಎರಡೂ ಪಕ್ಕ ಒಂದೊಂದು ಪ್ಲಾಸ್ಟಿಕ್ ಸ್ಟಾಪರ್ ಇರುತ್ತೆ. ಬಾಕ್ಸ್ ಪೂರ್ತಿ ಕೆಳಗೆ ಬೀಳದಂತೆ ತಡೆಯೋದು ಅವೇ. ಸ್ವಲ್ಪ ತಿರುಗಿಸಿ ಬಾಕ್ಸಿನ ಒಳಕ್ಕೆ ಎಳೆದರೆ ಕೈಗೆ ಬರುತ್ತವೆ. ಬಾಕ್ಸಿನ ಪಕ್ಕಕ್ಕೆ ಸಿಕ್ಕಿಸಿದ ಸಣ್ಣ ಕಡ್ಡಿ ಇದ್ದರೆ ಅದನ್ನೂ ಬಿಡಿಸಿ. ಈಗ ಬಾಕ್ಸ್ ಪೂರ್ತಿ ಇಳಿಯುತ್ತೆ, ಹಿಂದೆ ಅಡ್ಡಕ್ಕೆ ಒಂದು ಕಪ್ಪು ಕವರ್ ಕಾಣುತ್ತೆ. ಅದರ ಪಕ್ಕದ ಲಾಕ್ ಒತ್ತಿ ಎಳೆದರೆ ಕವರ್ ಬಂತು, ಫಿಲ್ಟರಿನ ಅಂಚು ಕಂಡಿತು.

ಎಡವಟ್ಟಾಗೋದು ಇಲ್ಲೇ. ಫಿಲ್ಟರನ್ನು ಓರೆ ಮಾಡದೆ, ಮಟ್ಟವಾಗಿ, ನಿಧಾನಕ್ಕೆ ಎಳೀರಿ. ಕಸವೆಲ್ಲ ಮೇಲಿನ ಮುಖದಲ್ಲಿರುತ್ತೆ, ಬ್ಲೋವರ್ ಇರೋದು ಕೆಳಗೆ. ಒಣಗಿದ ಹೊಂಗೆ ಹೂ, ಎಲೆಚೂರು ಅದರೊಳಗೆ ಬಿದ್ದರೆ ಫ್ಯಾನ್ ತಿರುಗಿದಾಗಲೆಲ್ಲ ಟಕ ಟಕ ಶಬ್ದ ಶುರುವಾಗುತ್ತೆ. ಹೊಸದನ್ನು ತೂರಿಸೋ ಮೊದಲು ಆ ಗೂಡನ್ನು ವ್ಯಾಕ್ಯೂಮ್ ಕ್ಲೀನರಿನ ಸಣ್ಣ ನಳಿಗೆಯಿಂದ ಎಳೆಸಿ. ಗಾಳಿ ಊದಬೇಡಿ, ಊದಿದ್ದೆಲ್ಲ ಒಳಗೇ ಹೋಗುತ್ತೆ.

ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತೆ. ಈ ಕಾರಿನಲ್ಲಿ ಗಾಳಿ ಮೇಲಿಂದ ಕೆಳಕ್ಕೆ ಹೋಗೋದರಿಂದ ಬಾಣ ಕೆಳಮುಖವಾಗಿರಬೇಕು. ಪದರಗಳು ಗಾಳಿಯ ದಿಕ್ಕು ನೋಡಿಕೊಂಡೇ ಜೋಡಿಸಿರುತ್ತವೆ, ತಲೆಕೆಳಗಾಗಿ ಹಾಕಿದರೆ ಬೇಗ ಕಟ್ಟಿಕೊಳ್ಳುತ್ತೆ. ಬೇರೆ ಕಾರಿನವರು ಇದನ್ನೇ ಕಣ್ಣುಮುಚ್ಚಿ ಅನುಸರಿಸಬೇಡಿ, ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ನಿಂತ ಸ್ಥಿತಿಯಲ್ಲಿರುತ್ತೆ. ಹಳೇದನ್ನು ತೆಗೆಯುವಾಗಲೇ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಮಲ್ಲೇಶ್ವರ ಗ್ಯಾರೇಜ್:
ತೊಳೆಯೋ ವಿಚಾರ ಬಿಟ್ಟುಬಿಡಿ. ಇದರ ನಾರಿನಲ್ಲಿ ಸ್ಥಿರ ವಿದ್ಯುತ್ತಿನ ಅಂಶ ಇರುತ್ತೆ, ಸಣ್ಣ ಧೂಳನ್ನು ಹಿಡಿಯೋದು ಮುಖ್ಯವಾಗಿ ಅದೇ. ಸೋಪು ನೀರು ಬಿತ್ತು ಅಂದ್ರೆ ಅದು ಹೋಯ್ತು. ನೋಡೋಕೆ ಬೆಳ್ಳಗೆ ಕಾಣಬಹುದು, ಸಣ್ಣ ಧೂಳು ಸಲೀಸಾಗಿ ದಾಟಿ ಬರುತ್ತೆ. ಮಡಿಕೆಗಳ ಬುಡದಲ್ಲಿ ತೇವ ಉಳಿದರೆ ಬೂಷ್ಟು ಖಂಡಿತ. ಏರ್ ಗನ್ ಹಿಡಿದರೂ ನಾರು ಹರಿಯುತ್ತೆ. ಮೆತ್ತಗೆ ತಟ್ಟಿ ಎಲೆ, ಹೂ ಉದುರಿಸಬಹುದು, ಅಷ್ಟೇ.

ಮಾಮೂಲಿ ಬಿಳಿ ಫಿಲ್ಟರ್ ಧೂಳಿಗೆ ಸಾಕು. ಕಾರ್ಬನ್ ಇರೋದು ಬೂದು ಬಣ್ಣ, ಬೆಲೆ ಜಾಸ್ತಿ. ಬಸ್ಸು ಲಾರಿ ಹೊಗೆ, ಮೋರಿ ವಾಸನೆ ತಡೆಯುತ್ತೆ. ದಿನಾ ಸಿಲ್ಕ್ ಬೋರ್ಡ್ ಕಡೆ ಸಿಗ್ನಲ್‌ನಲ್ಲಿ ನಿಲ್ಲುವವರು ಅದನ್ನೇ ಹಾಕಲಿ. ಹಳ್ಳಿ ಕಡೆ ಮಣ್ಣು ರಸ್ತೆ ಜಾಸ್ತಿ ಇದ್ದರೆ ಮಾಮೂಲಿಯದನ್ನು ತಗೊಂಡು ಬೇಗ ಬೇಗ ಬದಲಿಸೋದೇ ಜಾಣತನ. ಅವಧಿ ಸುಮಾರು 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಧೂಳಿದ್ದರೆ ಅದರ ಅರ್ಧ. ಹೊಂಗೆ ಹೂ ಉದುರೋ ಬೇಸಿಗೆ ಮುಗಿದ ಮೇಲೆ ಒಂದ್ಸಲ ಎಳೆದು ನೋಡಿ.

ಕೊಳ್ಳುವಾಗ ಮಾಡೆಲ್, ವರ್ಷ ಎರಡೂ ಹೇಳಿ, ಹಳೇದರ ಉದ್ದ, ಅಗಲ, ದಪ್ಪ ಅಳೆದು ಹೋಲಿಸಿ. 5 ಮಿ.ಮೀ. ಸಂದಿ ಉಳಿದರೂ ಗಾಳಿ ಫಿಲ್ಟರ್ ಬಿಟ್ಟು ಆ ಸಂದಿಯಲ್ಲೇ ನುಗ್ಗುತ್ತೆ.

ಕೂಲಿಂಗ್ ಕಾಯಿಲ್:
ಫಿಲ್ಟರ್ ಬದಲಿಸಿದ ಮಾತ್ರಕ್ಕೆ ವಾಸನೆ ಹೋಗುತ್ತೆ ಅಂದ್ಕೋಬೇಡಿ. ಎಸಿ ಓಡುವಾಗ ಕೂಲಿಂಗ್ ಕಾಯಿಲ್ ಮೇಲೆ ನೀರು ಕಟ್ಟುತ್ತೆ, ಆ ಒದ್ದೆಗೆ ಧೂಳು ಅಂಟಿ ಬೂಷ್ಟು ಬೆಳೆಯುತ್ತೆ. ಮುಗ್ಗು ವಾಸನೆಯ ಮೂಲ ಬಹುಪಾಲು ಅದೇ.

ಒಂದು ಪರೀಕ್ಷೆ ಮಾಡಿ. ಫಿಲ್ಟರ್ ಹೊರಗಿದ್ದಾಗಲೇ ಕವರ್ ಮುಚ್ಚಿ, ಎಸಿ ಆಫ್ ಇಟ್ಟು ಬ್ಲೋವರ್ 4ರಲ್ಲಿ ಒಂದೇ ನಿಮಿಷ ಓಡಿಸಿ. ಗಾಳಿ ಜೋರಾಗಿ ಬಂದರೆ ತಪ್ಪು ಫಿಲ್ಟರಿನದು. ಆಗಲೂ ಸೊರಗಿದ್ದರೆ ಕಾಯಿಲ್ ಕಟ್ಟಿರಬಹುದು, ಹಾಗಿದ್ದರೆ ಅದನ್ನು ಕ್ಲೀನ್ ಮಾಡಿಸಲೇಬೇಕು. ಅಂದಹಾಗೆ 1, 2, 3ರಲ್ಲಿ ಫ್ಯಾನೇ ತಿರುಗದೆ 4ರಲ್ಲಿ ಮಾತ್ರ ತಿರುಗಿದರೆ ಅದು ಫ್ಯಾನಿನ ವೇಗ ಕಡಿಮೆ ಮಾಡೋ ಬ್ಲೋವರ್ ರೆಸಿಸ್ಟರ್ ಸುಟ್ಟಿರೋದು, ಫಿಲ್ಟರಿಗೆ ಸಂಬಂಧ ಇಲ್ಲ. ಫಿಲ್ಟರ್ ಇಲ್ಲದೆ ದಿನಗಟ್ಟಲೆ ಓಡಿಸೋರೂ ಇದ್ದಾರೆ. ದಯವಿಟ್ಟು ಬೇಡ, ಧೂಳೆಲ್ಲ ನೇರ ಕಾಯಿಲಿಗೆ ಹೋಗುತ್ತೆ.

ಬಾನೆಟ್ ಎತ್ತಿ ವೈಪರ್ ಬುಡದ ಜಾಲರಿಯನ್ನೂ ನೋಡಿ. ಹೊರಗಿನ ಗಾಳಿ ಒಳಗೆ ಬರೋದು ಅಲ್ಲಿಂದಲೇ. ಎಲೆ ಕೊಳೆತು ಅಲ್ಲಿ ನೀರು ಹೋಗೋ ದಾರಿ ಮುಚ್ಚಿದ್ದರೆ ಮಳೆಗಾಲದಲ್ಲಿ ಹೊಸ ಫಿಲ್ಟರ್ ಕೂಡ ನೆನೆಯುತ್ತೆ. ಮನೆ ಇನ್ನು ಮೂರ್ನಾಲ್ಕು ನಿಮಿಷ ದೂರ ಇದೆ ಅನ್ನುವಾಗ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಲಿ, ಕಾಯಿಲ್ ಒಣಗುತ್ತೆ.

ಹೊಂಗೆನೆರಳು:
ಫಿಲ್ಟರ್ ಬದಲಿಸಿದೆ, ಗಾಳಿ ಚೆನ್ನಾಗಿ ಬರ್ತಿದೆ, ಧನ್ಯವಾದ. ಆದರೆ 3ರ ಮೇಲೆ ಇಟ್ಟರೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಶಬ್ದ. ಏನಿರಬಹುದು?

ಸ್ಪ್ಯಾನರ್ 14:
ಕವರ್ ಸರಿಯಾಗಿ ಕೂತಿಲ್ಲ. ಫಿಲ್ಟರ್ ಕೊನೇವರೆಗೆ ಹೋಗದಿದ್ದರೆ ಅದರ ಅಂಚು ಕವರನ್ನು ಹೊರಕ್ಕೆ ತಳ್ಳುತ್ತಿರುತ್ತೆ. ಮತ್ತೆ ತೆಗೆದು, ಮಡಿಕೆ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ, ಎರಡೂ ಮೂಲೆಗಳನ್ನು ಬೆರಳಿನಿಂದ ಒಳಕ್ಕೆ ಒತ್ತಿ. ಕವರಿನ ಒಂದು ತುದಿಯ ಕೊಕ್ಕೆ ಮೊದಲು ಸೇರಿಸಿ, ಆಮೇಲೆ ಲಾಕ್ ಇರೋ ಕಡೆ ಒತ್ತಿದರೆ ಕ್ಲಿಕ್ ಅನ್ನಬೇಕು. ಕೊಕ್ಕೆ ಮುರಿದಿದ್ದರೆ ಟೇಪ್ ಸುತ್ತಬೇಡಿ, ಬಿಸಿಲಿಗೆ ಅಂಟು ಬಿಟ್ಟುಕೊಳ್ಳುತ್ತೆ. ಬಿಡಿಭಾಗದ ಅಂಗಡಿಯಲ್ಲಿ ಕವರ್ ಮಾತ್ರ ಕೇಳಿ ತಗೊಳ್ಳಿ.