ಮನೆಗೇ ಬರುವ ಬ್ಯೂಟಿಷಿಯನ್: ಅಮ್ಮ ಒಬ್ಬರೇ ಇರುವಾಗ ಕರೆಸಬಹುದಾ?

ಕೇಳಿದವರು, ಪುಣೆಯಿಂದ:
ಅಮ್ಮ ಬಸವನಗುಡಿಯಲ್ಲಿ ಒಬ್ಬರೇ ಇದ್ದಾರೆ. 68 ವರ್ಷ, ಶುಗರ್ ಇದೆ, ಮಂಡಿ ನೋವು ಬೇರೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಪಾರ್ಲರ್‌ಗೆ ಹೋಗಿ ಬರೋದು ಕಷ್ಟ. ತಲೆಗೆ ಬಣ್ಣ, ಒಡೆದ ಹಿಮ್ಮಡಿಗೆ ಪೆಡಿಕ್ಯೂರ್, ಇಷ್ಟು ಬೇಕಂತೆ. ಬ್ಯೂಟಿಷಿಯನ್‌ರನ್ನು ಮನೆಗೆ ಕಳಿಸುವ ಆ್ಯಪ್‌ನಲ್ಲಿ ‘ವೆರಿಫೈಡ್’ ಅಂತ ಹಾಕಿರುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು? ಯಾರಾದರೂ ಗೊತ್ತಿರುವವರನ್ನೇ ಕರೆಸೋದು ವಾಸಿನಾ?

ಜಯನಗರದಿಂದ:
ಮಗು ಹುಟ್ಟಿದ ಮೇಲೆ ನಾನು ಮನೆಗೇ ಕರೆಸುತ್ತೇನೆ. ವೆರಿಫೈಡ್ ಅಂದರೆ ಆಧಾರ್ ನೋಡಿದ್ದಾರೆ, ಹಿಂದೆ ಕೇಸು ಗೀಸು ಇಲ್ಲ ಅಂತ ವಿಚಾರಿಸಿದ್ದಾರೆ, ಸ್ವಲ್ಪ ಟ್ರೇನಿಂಗ್ ಕೊಟ್ಟಿದ್ದಾರೆ, ಅಷ್ಟೇ. ಬಂದವರು ಯಾರು ಅಂತ ಗೊತ್ತಾಗುತ್ತದೆ. ಕೆಲಸ ಎಷ್ಟು ಶುಚಿ ಅಂತ ಗೊತ್ತಾಗಲ್ಲ, ಅದನ್ನು ನಾವೇ ನೋಡಬೇಕು. ಒಮ್ಮೆ ಒಬ್ಬರು ಬ್ಯಾಗಿನಿಂದ ಅರ್ಧ ಖಾಲಿಯಾದ ವ್ಯಾಕ್ಸ್ ಡಬ್ಬ ತೆಗೆದರು. ಕಡ್ಡಿ ಅದ್ದಿದರು, ಕೈಗೆ ಹಚ್ಚಿದರು, ಅದೇ ಕಡ್ಡಿಯನ್ನು ಮತ್ತೆ ಅದ್ದಿದರು. ಕೇಳಿದ್ದಕ್ಕೆ ‘ಬಿಸಿ ಇದೆಯಲ್ಲ ಮೇಡಂ, ಏನೂ ಆಗಲ್ಲ’ ಅಂದರು. ಚರ್ಮ ತಡೆಯುವಷ್ಟು ಬಿಸಿಗೆ ಕ್ರಿಮಿ ಸಾಯುತ್ತದೆಯೇ? ಅಲ್ಲಿಗೇ ನಿಲ್ಲಿಸಿ ದುಡ್ಡು ಕೊಟ್ಟು ಕಳಿಸಿದೆ. ಈಗ ಪ್ಯಾಕೆಟ್ ನನ್ನೆದುರೇ ಹರಿಯಬೇಕು.

ದಾವಣಗೆರೆಯಿಂದ:
ನಾನು ನರ್ಸ್. ಬಣ್ಣ ಆಮೇಲೆ, ಮೊದಲು ಪಾದದ ಮಾತು. ಶುಗರ್ ಹಳೆಯದಾದರೆ ಕಾಲಿಗೆ ಬಿಸಿ, ನೋವು ಸರಿಯಾಗಿ ತಿಳಿಯದೆ ಹೋಗಬಹುದು. ನೀರು ಸುಡುತ್ತಿದ್ದರೂ ‘ಬೆಚ್ಚಗಿದೆ, ಇರಲಿ’ ಅನ್ನುತ್ತಾರೆ. ಬಂದವರೇ ಮೊಣಕೈ ಅದ್ದಿ ನೋಡಲಿ. ಜಾಸ್ತಿ ಹೊತ್ತು ನೆನೆಸುವುದು ಬೇಡ. ಹಿಮ್ಮಡಿಗೆ ಬ್ಲೇಡ್ ಬೇಡವೇ ಬೇಡ, ಆಣಿ ಇದ್ದರೆ ಕೆತ್ತಬಾರದು. ಉಗುರು ನೇರಕ್ಕೆ ಕತ್ತರಿಸಬೇಕು, ಮೂಲೆ ಬಗೆಯಬಾರದು. ಬೆರಳ ಸಂದು ಒಣಗುವ ಹಾಗೆ ಒರೆಸಿ, ಅಲ್ಲಿ ಕ್ರೀಮ್ ಹಚ್ಚಬೇಡಿ. ಪಾದ ಜೋಮು ಹಿಡಿದ ಹಾಗಿದ್ದರೆ, ಅಥವಾ ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ ಪೆಡಿಕ್ಯೂರ್ ಬಿಡಿ, ಡಾಕ್ಟರಿಗೆ ತೋರಿಸಿ. ಶುಗರ್ ಇದೆ ಅಂತ ಫೋನಿನಲ್ಲೇ ಹೇಳಿ. ‘ಬ್ಲೇಡ್ ಇಲ್ಲದೆ ಕ್ಲೀನ್ ಆಗಲ್ಲ’ ಅನ್ನುವವರಾದರೆ ಅವರು ಎಷ್ಟೇ ಸ್ಟಾರ್ ಇಟ್ಟುಕೊಂಡಿರಲಿ, ಬೇಡ.

ಹುಬ್ಬಳ್ಳಿಯಿಂದ:
ಆ್ಯಪ್ ಯಾಕ್ರೀ? ನಮ್ಮಲ್ಲಿ ಬಾಣಂತಿಗೆ, ಕೂಸಿಗೆ ಎರೆಯಲು ಬರುವವರನ್ನು ಯಾರು ವೆರಿಫೈ ಮಾಡಿದ್ದರು? ಓಣಿಯಲ್ಲಿ ನಾಲ್ಕು ಮನೆ ಕೇಳಿದರೆ ಸಾಕಿತ್ತು. ಅಮ್ಮನ ಪಕ್ಕದ ಮನೆಯವರನ್ನು ಕೇಳಿ ನೋಡಿ.

ಶಿವಮೊಗ್ಗದಿಂದ:
ಬಣ್ಣದ ಬಗ್ಗೆ ಒಂದು ಮಾತು. ಬರೀ ಮದರಂಗಿ ಸೊಪ್ಪು ಕೆಂಪು, ಕಂದು ಬಣ್ಣ ಕೊಡುತ್ತದೆ, ಕಪ್ಪು ಕೊಡಲ್ಲ. ‘ಕಾಲಿ ಮೆಹಂದಿ’ ಅಂದರೆ ಕಪ್ಪು ಮದರಂಗಿ ಪುಡಿಗಳಲ್ಲಿ ಎಷ್ಟೋ ಸಲ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಡೈಯಲ್ಲೂ ಅದೇ. ಕೆಲವರಿಗೆ ಅದು ಆಗಿ ಬರಲ್ಲ. ವರ್ಷಗಟ್ಟಲೆ ಹಚ್ಚಿಕೊಂಡವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು. ನಮ್ಮ ಚಿಕ್ಕಮ್ಮನಿಗೆ ಹಾಗೇ ಆಯಿತು. ಮಾರನೇ ದಿನ ರೆಪ್ಪೆ ಊದಿ ಕಣ್ಣು ಬಿಡಲು ಆಗಲಿಲ್ಲ. ಬ್ಯೂಟಿಷಿಯನ್ ಬಂದು ಹತ್ತು ನಿಮಿಷ ಕೈಗೆ ಹಚ್ಚಿ ನೋಡಿದರೆ ಏನೂ ತಿಳಿಯದು, 48 ಗಂಟೆ ಕಾಯಬೇಕು. ಹಾಗಾಗಿ ಡಬ್ಬ ನೀವೇ ಮೊದಲೇ ತರಿಸಿಡಿ. ಡಬ್ಬದ ಮೇಲೆ ಬರೆದ ಹಾಗೆ ಎರಡು ದಿನ ಮುಂಚೆ ಸ್ವಲ್ಪ ಹಚ್ಚಿ ನೋಡಲಿ.

ಬೆಂಗಳೂರಿನಿಂದ, ಇದೇ ಕೆಲಸ ಮಾಡುವವರು:
ನಾನು ಮೊದಲು ಆ್ಯಪ್‌ನಲ್ಲಿದ್ದೆ, ಈಗ ಸ್ವಂತ ಮಾಡುತ್ತೇನೆ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದೇನೆ. ಕೇಳಿದರೆ ಬೇಜಾರಿಲ್ಲ, ತೋರಿಸುತ್ತೇನೆ. ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ಬೆಂಗಳೂರಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರಲ್ಲ, ಅಲ್ವಾ? ಆ್ಯಪ್‌ನಲ್ಲಿ ದುಡ್ಡು ಜಾಸ್ತಿ, ಆದರೆ ಏನಾದರೂ ಆದರೆ ದೂರು ಕೊಡಲು ಒಂದು ಜಾಗ ಇರುತ್ತದೆ. ಆ್ಯಪ್‌ನಿಂದ ಬಂದವರನ್ನು ಹೊರಗಡೆ ಬುಕ್ ಮಾಡಿಕೊಂಡರೆ ಅದೂ ಇಲ್ಲ. ವಯಸ್ಸಾದವರಿಗೆ ಪ್ರತಿ ಸಲ ಅದೇ ವ್ಯಕ್ತಿ ಬರುವುದು ಒಳ್ಳೆಯದು. ಮೊದಲ ಸಲ ಮಾತ್ರ ಯಾರಾದರೂ ಜೊತೆಗಿರಲಿ.

ನಮ್ಮ ಕಡೆಯದೂ ಒಂದು ಮಾತು. ಹೊಸ ಮನೆಯ ಬೆಲ್ ಒತ್ತುವಾಗ ನಮಗೂ ಭಯ ಇರುತ್ತದೆ. ಎರಡು ಮಹಡಿ ಬ್ಯಾಗ್ ಹೊತ್ತು ಬಂದಿರುತ್ತೇವೆ, ಕೆಲವರು ಬಾತ್‌ರೂಮ್ ಬಳಸಲೂ ಬಿಡಲ್ಲ. ಆ್ಯಪ್‌ನಲ್ಲಿ ರೇಟಿಂಗ್ ಇಳಿದರೆ ಐಡಿ ಬ್ಲಾಕ್. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ, ಅಂದರೆ ನಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವವರ ಕಾಯ್ದೆ ಬಂದ ಮೇಲೆ, ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತಾಗಿದೆ. ಕೆಲಸ ಚೆನ್ನಾಗಿಲ್ಲದಿದ್ದರೆ ಕಡಿಮೆ ರೇಟಿಂಗ್ ಕೊಡಿ, ತಪ್ಪಲ್ಲ. ಟ್ರಾಫಿಕ್‌ನಲ್ಲಿ ತಡವಾಯಿತು ಅಂತ ಸುಮ್ನೆ ಒಂದು ಸ್ಟಾರ್ ಒತ್ತಬೇಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪೆಡಿಕ್ಯೂರ್ ಡಾಕ್ಟರನ್ನು ಕೇಳಿದ ಮೇಲೆ. ಬಣ್ಣ ಮುಂದಿನ ಭಾನುವಾರ, ಅತ್ತೆ ಮಗಳು ಅಲ್ಲಿರುತ್ತಾಳೆ. ಆ್ಯಪ್‌ನಲ್ಲೇ ನಾನು ಇಲ್ಲಿಂದ ಬುಕ್ ಮಾಡುತ್ತೇನೆ.

ಜಯನಗರದಿಂದ:
ನಿಮ್ಮ ಫೋನಿನಿಂದ ಬುಕ್ ಮಾಡಿದರೆ ಒಟಿಪಿ ನಿಮಗೇ ಬರುತ್ತದೆ, ಅಮ್ಮನಿಗಲ್ಲ. ಅದನ್ನು ಹೇಳುವವರೆಗೂ ಅವರು ಕೆಲಸ ಶುರು ಮಾಡಲ್ಲ. ಆ ಹೊತ್ತಿಗೆ ಫೋನ್ ಕೈಯಲ್ಲೇ ಇರಲಿ.