ಸೈಕ್ಲೋನ್ ಸಿಮ್ಯುಲೇಷನ್‌ಗೆ ಯಾವ ಟರ್ಬ್ಯುಲೆನ್ಸ್ ಮಾಡೆಲ್ (ಗಾಳಿಯ ಅಡ್ಡಾದಿಡ್ಡಿ ಹರಿವನ್ನ ಲೆಕ್ಕ ಹಾಕೋ ಸೂತ್ರ)? ಮಾಡಿ ನೋಡಿದವರು ಹೇಳಿ

ಕೇಳಿದ್ದು: ಎಂ.ಟೆಕ್ ಪ್ರಾಜೆಕ್ಟಿಗೆ ಗಾಳಿಯನ್ನ ಸುತ್ತಿಸಿ ಧೂಳು ಹಿಡಿಯೋ ಸೈಕ್ಲೋನ್ ಉಪಕರಣವನ್ನ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡ್ತಿದ್ದೀನಿ. ಸ್ಟೇರ್ಮಂಡ್ ವಿನ್ಯಾಸ (ಸೈಕ್ಲೋನ್‌ನ ಒಂದು ಪ್ರಮಾಣಿತ ಆಕಾರ), ವ್ಯಾಸ 200 ಮಿ.ಮೀ., ಇನ್‌ಲೆಟ್‌ನಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್. ಕೆ-ಎಪ್ಸಿಲಾನ್ ಅನ್ನೋ ಸರಳ ಮಾಡೆಲ್ ಹಾಕಿದೆ, ಸಲೀಸಾಗಿ ಕನ್ವರ್ಜ್ ಆಯ್ತು (ಲೆಕ್ಕ ಒಂದು ಉತ್ತರಕ್ಕೆ ನಿಂತಿತು). ಆದ್ರೆ ಪ್ರೆಷರ್ ಡ್ರಾಪ್ (ಒಳಗೆ ಬರೋ, ಹೊರಗೆ ಹೋಗೋ ಗಾಳಿಯ ಒತ್ತಡದ ವ್ಯತ್ಯಾಸ) ಲ್ಯಾಬ್‌ನಲ್ಲಿ ಅಳೆದಿದ್ದಕ್ಕಿಂತ ಕಡಿಮೆ. ಗೈಡ್ ಆರ್‌ಎಸ್‌ಎಂ (ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್) ಹಾಕು ಅಂತಾರೆ, ಹಾಕಿದ್ರೆ 40ನೇ ಇಟರೇಷನ್ನಿಗೇ (ಲೆಕ್ಕದ ಸುತ್ತಿಗೇ) ಡೈವರ್ಜ್, ಅಂದ್ರೆ ಲೆಕ್ಕ ಹದ್ದು ಮೀರಿ ಕೆಡತ್ತೆ. ಏನ್ಮಾಡ್ಲಿ?

ಉತ್ತರ 1: ಕನ್ವರ್ಜ್ ಆಯ್ತು ಅಂತ ನಾನೂ ಹಿಗ್ಗಿ ಗೈಡ್ ಹತ್ರ ಓಡಿದ್ದೆ. ಮೊದಲು ಒಂದು ಕೆಲಸ ಮಾಡಿ. ಸೈಕ್ಲೋನ್‌ಗೆ ಅಡ್ಡಲಾಗಿ ಒಂದು ಗೆರೆ ಎಳೆದು ಟ್ಯಾಂಜೆನ್ಷಿಯಲ್ ವೆಲಾಸಿಟಿ (ಗಾಳಿ ಸುತ್ತೋ ವೇಗ) ಪ್ಲಾಟ್ ಹಾಕಿ. ನಿಜವಾದ ಸೈಕ್ಲೋನ್‌ನಲ್ಲಿ ಅದು ನಡುವಿನಿಂದ ನೇರವಾಗಿ ಏರಿ, ವೋರ್ಟೆಕ್ಸ್ ಫೈಂಡರ್‌ನ (ಗಾಳಿ ಮೇಲಿಂದ ಹೊರಹೋಗೋ ನಡುವಿನ ಕೊಳವೆಯ) ತ್ರಿಜ್ಯಕ್ಕಿಂತ (ನಿಮ್ಮಲ್ಲಿ 50 ಮಿ.ಮೀ.) ಸ್ವಲ್ಪ ಒಳಗೇ ತುದಿ ಮುಟ್ಟಿ, ಆಮೇಲೆ ಗೋಡೆ ಕಡೆಗೆ ಇಳೀಬೇಕು. ಕೆ-ಎಪ್ಸಿಲಾನ್‌ನಲ್ಲಿ ಬಹುತೇಕ ಗೋಡೆವರೆಗೂ ಏರ್ತಾನೇ ಹೋಗತ್ತೆ, ನೀರು ತುಂಬಿದ ಬಕೆಟ್ಟನ್ನೇ ಇಡಿಯಾಗಿ ತಿರುಗಿಸಿದ ಹಾಗೆ. ಅದು ಎಲ್ಲಾ ದಿಕ್ಕಿಗೂ ಒಂದೇ ಎಡ್ಡಿ ವಿಸ್ಕಾಸಿಟಿ (ಟರ್ಬ್ಯುಲೆನ್ಸ್‌ನಿಂದ ಹುಟ್ಟೋ ಹೆಚ್ಚುವರಿ ಸ್ನಿಗ್ಧತೆ) ಹಚ್ಚತ್ತೆ. ಸುಳಿಯಲ್ಲಿ ಹಾಗಿರಲ್ಲ. ಒಳಗಿನ ಸುಳಿಯೇ ಸಪ್ಪೆ ಆದ್ರೆ ಪ್ರೆಷರ್ ಡ್ರಾಪ್ ಎಲ್ಲಿಂದ ಬರಬೇಕು?

ಉತ್ತರ 2: ಆರ್‌ಎಸ್‌ಎಂ ಅಂದ್ರೆ ಆರು ಸ್ಟ್ರೆಸ್ಸು, ಮೇಲೊಂದು ಎಪ್ಸಿಲಾನ್, ಒಟ್ಟು ಏಳು ಸಮೀಕರಣ. ಸೊನ್ನೆಯಿಂದ ಶುರು ಮಾಡಿದ್ರೆ ಬೀಳದೇ ಇನ್ನೇನು. ಆರ್‌ಎನ್‌ಜಿ ಕೆ-ಎಪ್ಸಿಲಾನ್‌ನಲ್ಲಿ (ಅದರದೇ ಒಂದು ಸುಧಾರಿತ ರೂಪ) ಕೆಲವು ನೂರು ಇಟರೇಷನ್ ಓಡಿಸಿ, ಅದರ ಮೇಲೆ ಆರ್‌ಎಸ್‌ಎಂ ಹಚ್ಚಿ. ಲೆಕ್ಕದ ವಿಧಾನ ಮೊದಲು ಫಸ್ಟ್ ಆರ್ಡರ್ (ಒರಟು, ಸ್ಥಿರ), ನಿಂತ ಮೇಲೆ ಸೆಕೆಂಡ್ ಆರ್ಡರ್ (ಹೆಚ್ಚು ನಿಖರ). ಪ್ರೆಷರ್‌ಗೆ ಪ್ರೆಸ್ಟೋ ಅನ್ನೋ ಸ್ಕೀಮ್. ಮೆಶ್ (ಜಾಗವನ್ನ ಸೆಲ್‌ಗಳಾಗಿ ಒಡೆದ ಜಾಲ) ಹೆಕ್ಸಾ, ಅಂದ್ರೆ ಇಟ್ಟಿಗೆ ಆಕಾರದ ಸೆಲ್‌ಗಳದ್ದೇ ಇರ್ಲಿ, ನಾಲ್ಕು ಮುಖದ ಟೆಟ್ರಾದಲ್ಲಿ ಸುಳಿ ಸವೆದು ಹೋಗತ್ತೆ.

ಸ್ಟೆಡಿ ಸ್ಟೇಟ್ (ಕಾಲದೊಂದಿಗೆ ಬದಲಾಗದ ಹರಿವು) ಹಟ ಬಿಡಿ. ಸುಳಿಯ ನಡುಭಾಗ ಒಂದೇ ಕಡೆ ನಿಲ್ಲಲ್ಲ, ಬುಗುರಿ ಥರ ಓಲಾಡ್ತಾ ಸುತ್ತತ್ತೆ. ಟ್ರಾನ್ಸಿಯೆಂಟ್ (ಕ್ಷಣಕ್ಷಣದ ಲೆಕ್ಕ) ಮಾಡಿ, ಟೈಮ್‌ಸ್ಟೆಪ್ 0.0001 ಸೆಕೆಂಡ್. ನಿಮ್ಮ ಅಳತೆಗೆ ಗಾಳಿ ಒಳಗಿರೋದೇ ಸುಮಾರು ಕಾಲು ಸೆಕೆಂಡು, ಅಂದ್ರೆ ಒಂದು ಸಲ ಗಾಳಿ ಬದಲಾಗೋಕೆ 2,500 ಸ್ಟೆಪ್. ಹಾಗೆ ನಾಲ್ಕೈದು ಸಲ ಬಿಟ್ಟು, ಆಮೇಲೆ ಸರಾಸರಿ ತಗೊಳ್ಳಿ. ಶುಕ್ರವಾರ ಸಂಜೆ ಹಚ್ಚಿ ಊರಿಗೆ ಹೋಗಿಬನ್ನಿ.

ಇನ್ನೊಂದು, ಮೇಲಿನ ಔಟ್‌ಲೆಟ್ ಪೈಪ್ ಉದ್ದ ಮಾಡಿ. ನಾನು ಗಿಡ್ಡ ಬಿಟ್ಟಿದ್ದೆ. ನಡುವೆ ಒತ್ತಡ ಕಡಿಮೆ ಇರೋದ್ರಿಂದ ಗಾಳಿ ಔಟ್‌ಲೆಟ್‌ನಿಂದಲೇ ವಾಪಸ್ ನುಗ್ಗತ್ತೆ. ರಿವರ್ಸ್ ಫ್ಲೋ ಅಂತ ಬರೋ ಎಚ್ಚರಿಕೆಯನ್ನ ಎರಡು ವಾರ ಕಡೆಗಣಿಸಿದ್ದೆ, ಅಷ್ಟೂ ರನ್ ದಂಡ.

ಉತ್ತರ 3: ಇವರು ಹೇಳಿದ್ದು ಸೈಕ್ಲೋನ್‌ಗೆ ಸರಿ. ಸುಳಿ ಅಂದ ತಕ್ಷಣ ಎಲ್ಲದಕ್ಕೂ ಆರ್‌ಎಸ್‌ಎಂ ಬೇಡ. ನಾನು ಬರ್ನರ್ ಕೆಲಸ ಮಾಡೋನು. ಸುತ್ತು ಮಂದವಾಗಿದ್ರೆ ರಿಯಲೈಸಬಲ್ ಕೆ-ಎಪ್ಸಿಲಾನ್ (ಇನ್ನೊಂದು ಸುಧಾರಿತ ರೂಪ), ಇಲ್ಲಾ ಮೆಂಟರ್ 1994ರಲ್ಲಿ ಕೊಟ್ಟ ಎಸ್‌ಎಸ್‌ಟಿ ಮಾಡೆಲ್‌ಗೆ ಕರ್ವೇಚರ್ ಕರೆಕ್ಷನ್ (ಬಾಗಿದ ಹರಿವಿಗೆ ತಿದ್ದುಪಡಿ) ಹಾಕಿದ್ರೆ ನನ್ನ ಕೆಲಸ ನಡೆದಿದೆ. ಎಲ್‌ಇಎಸ್ (ದೊಡ್ಡ ಸುಳಿಗಳನ್ನ ನೇರವಾಗಿ ಲೆಕ್ಕ ಹಾಕೋ ದುಬಾರಿ ವಿಧಾನ) ಆಸೆ ಈಗಲೇ ಬೇಡ, ಗೋಡೆ ಹತ್ರದ ಮೆಶ್ಶೇ ನಿಮ್ಮ ಕಂಪ್ಯೂಟರ್ ನುಂಗತ್ತೆ. ಹೋಲಿಸಿ ನೋಡೋಕೆ ಡೆಲ್ಫ್ಟ್‌ನ ಹೂಕ್‌ಸ್ಟ್ರಾ ತಂಡ 1999ರಲ್ಲಿ ಪ್ರಕಟಿಸಿದ ಲೇಸರ್ ಅಳತೆಗಳಿವೆ. ಪ್ರೆಷರ್ ಡ್ರಾಪ್ ಒಂದೇ ಅಂಕಿ, ತಪ್ಪು ಮಾಡೆಲ್‌ನಲ್ಲೂ ಅಕಸ್ಮಾತ್ ಕೂಡಿಬರಬಹುದು. ಗೆರೆಯುದ್ದಕ್ಕೂ ವೇಗದ ಪ್ರೊಫೈಲ್ ಹಾಗೆ ಕೂಡಿಬರೋದು ಕಷ್ಟ.

ಕೇಳಿದವರು: ಗೆರೆ ಎಳೆದು ನೋಡಿದೆ ಸರ್, ಬಕೆಟ್ಟೇ! ಪೈಪ್ ಉದ್ದ ಮಾಡಿ ಹೆಕ್ಸಾ ಮೆಶ್ಶಿಗೆ ಕೂತಿದ್ದೀನಿ. ಇನ್‌ಲೆಟ್ ಸೇರೋ ಮೂಲೆಯಲ್ಲಿ ಸೆಲ್‌ಗಳು ಸೊಟ್ಟಗಾಗ್ತಿವೆ, ಅದಕ್ಕೇನಾದ್ರೂ ಉಪಾಯ ಇದ್ಯಾ?