ಒಂದೇ ವಿಸ್ಕಿಗೆ ಒಂದು ವಾರ 84, ಇನ್ನೊಂದು ವಾರ 71: ಮನೇಲಿ ಮಾರ್ಕ್ಸ್ ಹಾಕೋದು ಹೇಗೆ?

ಬನಶಂಕರಿ ಸೆಕೆಂಡ್ ಸ್ಟೇಜ್

ಮನೇಲಿ ಸದ್ಯಕ್ಕೆ ನಾಲ್ಕು ಬಾಟ್ಲಿ ಓಪನ್ ಇವೆ. ಅಮೃತ್ ಫ್ಯೂಷನ್ (ಆಲ್ಕೋಹಾಲ್ 50%), ಪಾಲ್ ಜಾನ್ ಬ್ರಿಲಿಯನ್ಸ್ (46%), ಇಂದ್ರಿ ಟ್ರಿನಿ (46%), ಆಮೇಲೆ ದಿನಬಳಕೆಗೆ 42.8%ನ ಒಂದು ಬ್ಲೆಂಡ್ (ಬೆರಕೆ ವಿಸ್ಕಿ). ವಾಸನೆ, ರುಚಿ, ಫಿನಿಶ್ (ನುಂಗಿದ ಮೇಲೆ ಉಳಿಯೋ ರುಚಿ), ಬ್ಯಾಲೆನ್ಸ್ ತಲಾ 25, ಒಟ್ಟು ನೂರಕ್ಕೆ ಮಾರ್ಕ್ಸ್ ಹಾಕಿ ಬರೆದಿಡ್ತಾ ಇದೀನಿ. ಸಮಸ್ಯೆ ಏನಂದ್ರೆ, ಒಂದೇ ವಿಸ್ಕಿಗೆ ಒಂದು ಶನಿವಾರ 84 ಬರುತ್ತೆ, ಇನ್ನೊಂದು ಶನಿವಾರ 71. ಬಾಟ್ಲಿ ಅದೇ, ಗ್ಲಾಸ್ ಅದೇ, ನಾಲಿಗೆನೂ ಅದೇ. ಯಾವ ನಂಬರ್ ನಂಬೋದು? ನೀರು ಎಷ್ಟು ಹಾಕ್ಬೇಕು, ಯಾವುದಾದ ಮೇಲೆ ಯಾವುದು ಕುಡೀಬೇಕು, ನೂರರ ಸ್ಕೇಲೇ ತಪ್ಪಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. "ನಿಮಗೆ ಇಷ್ಟ ಆಗಿದ್ದೇ ಒಳ್ಳೇ ವಿಸ್ಕಿ" ಅನ್ನೋ ಉತ್ತರ ಮಾತ್ರ ದಯವಿಟ್ಟು ಬೇಡ.

ಪೀಪಾಯಿ

ಎರಡನ್ನೂ ನಂಬಬೇಡಿ ಸಾರ್. ಹೋಲಿಸೋಕೆ ಪಕ್ಕದಲ್ಲಿ ಇನ್ನೊಂದು ಇಲ್ಲದೆ ಕುಡಿದ ವಿಸ್ಕಿಗೆ ಹಾಕಿದ ಮಾರ್ಕ್ಸಲ್ಲಿ ಅವತ್ತಿನ ಮೂಗು, ಅವತ್ತಿನ ಊಟ, ಅವತ್ತಿನ ಸೆಕೆ ಎಲ್ಲಾ ಸೇರ್ಕೊಂಡಿರುತ್ತೆ. ಅದನ್ನ ಕಳೆಯೋಕೆ ಪ್ರತಿ ಸಲ ಚೆನ್ನಾಗಿ ಗೊತ್ತಿರೋ ಒಂದು ವಿಸ್ಕಿಯನ್ನ ಪಕ್ಕದಲ್ಲಿ ಇಟ್ಕೊಬೇಕು. ನಿಮ್ಮ ಹತ್ರ ಇರೋದ್ರಲ್ಲಿ ಬ್ರಿಲಿಯನ್ಸ್ ಇದಕ್ಕೆ ಸರಿ ಹೋಗುತ್ತೆ: ಪೀಟ್ (ಬಾರ್ಲಿ ಒಣಗಿಸೋಕೆ ಸುಡೋ ಜೌಗು ಮಣ್ಣು) ಹೊಗೆ ಇಲ್ಲ, ಬೋರ್ಬನ್ (ಅಮೆರಿಕದ ವಿಸ್ಕಿ) ಇಟ್ಟಿದ್ದ ಪೀಪಾಯಿ, ಖಾಲಿ ಆದ್ರೆ ಬೆಂಗಳೂರಲ್ಲಿ ಇನ್ನೊಂದು ಹುಡುಕೋದು ಕಷ್ಟ ಅಲ್ಲ. ಅದಕ್ಕೆ ಹತ್ತಕ್ಕೆ 7 ಅಂತ ಫಿಕ್ಸ್ ಮಾಡಿ, ಆಮೇಲೆ ಆ ನಂಬರ್ ಮುಟ್ಟಬೇಡಿ. ಬೇರೆಯವಕ್ಕೆ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತಷ್ಟೇ ಹಾಕಿ. ಬ್ರಿಲಿಯನ್ಸೇ ಸಪ್ಪೆ ಅನ್ನಿಸಿದ ದಿನ ಮೂಗು ಕೆಟ್ಟಿದೆ ಅಂತ ಅರ್ಥ. ಅವತ್ತು ಕುಡಿಯೋದು ಬಿಡಬೇಕಿಲ್ಲ, ಬರೆಯೋದು ಬಿಡಿ.

ತಲಾ 15 ಎಂಎಲ್, ಹೆಚ್ಚು ಅಂದ್ರೆ ನಾಲ್ಕು ಗ್ಲಾಸ್. ಒಟ್ಟು ಒಂದು ಲಾರ್ಜ್ ಆಯ್ತು. ಐದನೇದಕ್ಕೆ ಹಾಕೋ ಮಾರ್ಕ್ಸ್ ಯಾವಾಗಲೂ ಉದಾರವಾಗಿರುತ್ತೆ, ಕಾರಣ ಹೇಳಬೇಕಿಲ್ಲ. ಹೊಗೆ ಇಲ್ಲದ್ದು ಮೊದಲು, ಹೊಗೆ ಇರೋದು ಕೊನೆಗೆ. ಅದರೊಳಗೆ ಸ್ಟ್ರಾಂಗ್ ಕಮ್ಮಿ ಇರೋದು ಮೊದಲು. ನಿಮ್ಮ ಲೆಕ್ಕದಲ್ಲಿ ಬ್ಲೆಂಡ್, ಬ್ರಿಲಿಯನ್ಸ್, ಇಂದ್ರಿ, ಫ್ಯೂಷನ್. ಫ್ಯೂಷನ್‌ನಲ್ಲಿ ನಾಲ್ಕನೇ ಒಂದು ಭಾಗ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ. ಆ ಹೊಗೆ ಒಮ್ಮೆ ಬಾಯಿಗೆ ಹತ್ತಿದ್ರೆ ಮುಂದಿನ ಗ್ಲಾಸಲ್ಲಿ ಇಲ್ಲದ ಹೊಗೆನೂ ಕಾಣುತ್ತೆ.

ಗ್ಲೆನ್‌ಕೆರ್ನ್ ಗ್ಲಾಸ್ ಇದ್ರೆ ಒಳ್ಳೇದು. ಇಲ್ಲಾಂದ್ರೆ ಹೊಟ್ಟೆ ಅಗಲ, ಬಾಯಿ ಕಿರಿದು ಇರೋ ಯಾವುದಾದ್ರೂ ಚಿಕ್ಕ ವೈನ್ ಗ್ಲಾಸ್. ನಾಲ್ಕೂ ಒಂದೇ ಥರ ಇರಲಿ, ಅದು ಮುಖ್ಯ. ಪಾತ್ರೆ ಸೋಪಿನ ನಿಂಬೆ ವಾಸನೆ ಗಾಜಿನಲ್ಲಿ ಉಳಿಯುತ್ತೆ, ಬರೀ ಬಿಸಿನೀರಲ್ಲಿ ತೊಳೆದು ತಾನಾಗೇ ಆರೋಕೆ ಬಿಡಿ. ಬೀರುವಿನಲ್ಲಿ ಬೋರಲು ಹಾಕಿಟ್ಟ ಗ್ಲಾಸಿನ ಒಳಗೆ ನುಸಿಗುಳಿಗೆ ವಾಸನೆ ಕೂತಿರುತ್ತೆ. ವಿಸ್ಕಿ ಹಾಕೋ ಮುಂಚೆ ಖಾಲಿ ಗ್ಲಾಸ್ ಮೂಸಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ.

ಹಾಕಿದ ಮೇಲೆ ಮುಚ್ಚಳ ಇಟ್ಟು 10 ನಿಮಿಷ ಬಿಡಿ. ವೈನ್ ಥರ ಗರಗರ ತಿರುಗಿಸಬೇಡಿ, ಆಲ್ಕೋಹಾಲ್ ಆವಿ ಮೊದಲು ಎದ್ದು ಮೂಗು ಮರಗಟ್ಟುತ್ತೆ. ಬಾಯಿ ಸ್ವಲ್ಪ ತೆರೆದು ಮೂಸಿದ್ರೆ ಕುಟುಕು ಕಮ್ಮಿ. ಮೊದಲನೇ ಗುಟುಕು ಬಾಯಿ ಒಗ್ಗಿಸೋಕೆ, ಅದಕ್ಕೆ ಮಾರ್ಕ್ಸ್ ಇಲ್ಲ. ಎರಡನೇದು 2–3 ಎಂಎಲ್, ನಾಲಿಗೆ ಮೇಲೆ ಹತ್ತು ಸೆಕೆಂಡ್ ಇಟ್ಟು ನುಂಗಿ ಅಥವಾ ಉಗೀರಿ.

ಕಾಂಗ್ರೆಸ್ ಕಡ್ಲೆಕಾಯಿ, ಖಾರದ ಪುರಿ, ಫಿಲ್ಟರ್ ಕಾಫಿ ಎಲ್ಲಾ ಮುಗಿದ ಮೇಲೆ. ಮೆಣಸಿನಕಾಯಿ ಉರಿ, ಆಲ್ಕೋಹಾಲ್ ಉರಿ ಎರಡೂ ಬಾಯಲ್ಲಿ ಒಂದೇ ನರಗ್ರಾಹಕವನ್ನ (ರಿಸೆಪ್ಟರ್) ಕೆರಳಿಸೋದು. ಖಾರ ತಿಂದ ಬಾಯಿಗೆ 46% ಕೂಡ 60% ಥರ ಉರಿಯುತ್ತೆ, ನೀವು ಪಾಪ ವಿಸ್ಕಿಗೆ "ಹಾರ್ಶ್" ಅಂತ ಬರೀತೀರ. ನಡುವೆ ಸಪ್ಪೆ ಪುರಿ ಅಥವಾ ಬ್ರೆಡ್, ನೀರು, ಅಷ್ಟೇ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿದ ಸಂಜೆ ಬೇಡವೇ ಬೇಡ.

ಐದು ಎಂಎಲ್ ಸಿರಿಂಜ್

ನೀರಿನ ವಿಷಯ ನಾನು ಹೇಳ್ತೀನಿ. "ಒಂದೆರಡು ಹನಿ" ಅನ್ನೋದು ಅಳತೆನೇ ಅಲ್ಲ. ಮೆಡಿಕಲ್ ಶಾಪಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ತಗೊಳ್ಳಿ. ಲೆಕ್ಕ ಸುಲಭ: ಈಗಿರೋ ಶೇಕಡಾವನ್ನ ಬೇಕಾದ ಶೇಕಡಾದಿಂದ ಭಾಗಿಸಿ, 1 ಕಳೆದು, ವಿಸ್ಕಿಯ ಎಂಎಲ್‌ನಿಂದ ಗುಣಿಸಿ. 15 ಎಂಎಲ್ ಫ್ಯೂಷನ್ 50ರಿಂದ 40ಕ್ಕೆ ಇಳಿಸೋಕೆ 3.75 ಎಂಎಲ್ ನೀರು. 46ರದ್ದು 40ಕ್ಕೆ ಇಳಿಸೋಕೆ 2.25. ನಿಮ್ಮ 42.8ರ ಬ್ಲೆಂಡಿಗೆ ಬರೀ 1 ಎಂಎಲ್. ಅಂದ್ರೆ ಎಲ್ಲಕ್ಕೂ ಒಂದೇ ಅಳತೆ, ಉದಾಹರಣೆಗೆ 2 ಎಂಎಲ್, ನೀರು ಹಾಕಿದ್ರೆ ಬ್ಲೆಂಡ್ ನೀರು ನೀರಾಗುತ್ತೆ, ಫ್ಯೂಷನ್ ಇನ್ನೂ ಕುಟುಕ್ತಾ ಇರುತ್ತೆ. ನಿಮ್ಮ 84, 71ರ ಅರ್ಧ ಕಾರಣ ಇಲ್ಲೇ ಇರಬಹುದು.

ಎರಡು ಸುತ್ತು ಮಾಡಿ. ಮೊದಲು ಬಾಟ್ಲಿಯಲ್ಲಿ ಇರೋ ಹಾಗೇ, ನೀಟ್. ಆಮೇಲೆ ಎಲ್ಲವನ್ನೂ 40%ಗೆ ಇಳಿಸಿ. ಎರಡಕ್ಕೂ ಬೇರೆ ಬೇರೆ ಮಾರ್ಕ್ಸ್. ಕಂಪನಿಗಳಲ್ಲಿ ವಿಸ್ಕಿ ಬೆರೆಸೋ ಬ್ಲೆಂಡರ್‌ಗಳು ಮೂಸೋಕೆ 20%ವರೆಗೂ ಇಳಿಸ್ತಾರೆ, ಆ ಮಟ್ಟದಲ್ಲಿ ಒಳ್ಳೇದು ಕೆಟ್ಟದ್ದು ಎರಡೂ ಬಿಚ್ಚಿಕೊಳ್ಳುತ್ತೆ. ಕುಡಿಯೋಕೆ ಅದು ಖುಷಿ ಕೊಡಲ್ಲ, ಆದ್ರೆ ಒಂದು ಬಾಟ್ಲಿ ಬಗ್ಗೆ ಅನುಮಾನ ಇದ್ರೆ 20%ಗೆ ಇಳಿಸಿ ಮೂಸಿ. ನೇಲ್ ಪಾಲಿಶ್ ರಿಮೂವರ್ ಥರ ಬಂದ್ರೆ ಈಥೈಲ್ ಅಸಿಟೇಟ್ ಜಾಸ್ತಿ. ಸುಟ್ಟ ಬೆಂಕಿಕಡ್ಡಿ ಬಂದ್ರೆ ಗಂಧಕ, ಶೆರಿ (ಸ್ಪೇನಿನ ಒಂದು ವೈನ್) ಪೀಪಾಯಿಯ ಕೆಲವು ವಿಸ್ಕಿಗಳಲ್ಲಿ ಸಿಗುತ್ತೆ. ಒದ್ದೆ ರಟ್ಟಿನ ವಾಸನೆ ಬಂದ್ರೆ ಕಾರ್ಕ್ ಕೆಟ್ಟಿದೆ.

ನೀರು ಯಾಕೆ ಕೆಲಸ ಮಾಡುತ್ತೆ ಅಂದ್ರೆ: 2017ರಲ್ಲಿ ಸ್ವೀಡನ್ನಿನ ಲಿನೀಯಸ್ ವಿಶ್ವವಿದ್ಯಾಲಯದವರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಹೊಗೆ ವಾಸನೆ ಕೊಡೋ ಗ್ವಾಯಕಾಲ್ ಅನ್ನೋ ಅಣು, ಆಲ್ಕೋಹಾಲ್ 45% ಅಥವಾ ಅದಕ್ಕಿಂತ ಕಮ್ಮಿ ಇದ್ದಾಗ ದ್ರವದ ಮೇಲ್ಮೈಯಲ್ಲಿ ಕೂರುತ್ತೆ; 59% ದಾಟಿದ್ರೆ ಆಲ್ಕೋಹಾಲ್ ಅಣುಗಳು ಅದನ್ನ ಸುತ್ತುವರಿದು ಒಳಗೇ ಇಟ್ಕೊಳ್ಳುತ್ತೆ. ಕ್ಯಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ನೀರು ಬೆರೆಸದೆ ತುಂಬಿಸಿದ್ದು) ಕುಡಿಯೋರು ಇದನ್ನ ಗೋಡೆ ಮೇಲೆ ಬರೆದು ಹಾಕ್ಕೊಬೇಕು.

ಬೋರ್‌ವೆಲ್ ನೀರು ಬೇಡ, ಗಡಸು. ಕಾವೇರಿ ನೀರನ್ನ ನಲ್ಲಿಯಿಂದ ಹಾಗೇ ಹಾಕಿದ್ರೆ ಕ್ಲೋರಿನ್ ವಾಸನೆ ಮೊದಲು ಬರುತ್ತೆ. ಆರ್‌ಓ ನೀರು ಅಥವಾ ಯಾವುದೇ ಬಾಟ್ಲಿ ನೀರು ಸಾಕು, ಆದ್ರೆ ಪ್ರತಿ ಸಲ ಅದೇ ಇರಲಿ. ಫ್ರಿಜ್ ನೀರಲ್ಲ, ರೂಮ್ ಟೆಂಪರೇಚರ್. ಹಾಕಿ ಎರಡು ಮೂರು ನಿಮಿಷ ಬಿಟ್ಟು ಮೂಸಿ.

ನೀರು ಅಥವಾ ಐಸ್ ಹಾಕಿದಾಗ 46%ನ ವಿಸ್ಕಿ ಮಬ್ಬಾದ್ರೆ ನಕಲಿ ಮಾಲು ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗಬೇಡಿ. ಚಿಲ್ ಫಿಲ್ಟರ್ ಮಾಡದ (ತಣ್ಣಗೆ ಮಾಡಿ ಸೋಸದ) ವಿಸ್ಕಿಯಲ್ಲಿ ಕೊಬ್ಬಿನಾಮ್ಲದ ಎಸ್ಟರ್‌ಗಳು ಉಳಿದಿರುತ್ತೆ, ತಣ್ಣಗಾದ್ರೆ ಅಥವಾ ಆಲ್ಕೋಹಾಲ್ ಇಳಿದ್ರೆ ಅವು ಬೇರ್ಪಟ್ಟು ಮಬ್ಬು ಕಾಣುತ್ತೆ. ಬಾಯಲ್ಲಿ ಆ ಎಣ್ಣೆಯಂಥ ತೂಕ ಬರೋದ್ರಲ್ಲಿ ಇವುಗಳ ಪಾಲೂ ಇದೆ.

ಮೂರು ಗ್ಲಾಸ್

ಪೀಪಾಯಿ ಅವರು ಹೇಳಿದ್ದು ಎಲ್ಲಾ ಒಪ್ಪಿದೆ, ಆದ್ರೆ ಬಾಟ್ಲಿ ನೋಡ್ಕೊಂಡು ಮಾರ್ಕ್ಸ್ ಹಾಕಿದ್ರೆ ನೀವು ಬೆಲೆಗೆ ಮಾರ್ಕ್ಸ್ ಹಾಕ್ತಾ ಇದೀರ. ಕಣ್ಣು ಕಟ್ಟಲೇಬೇಕು. ಗ್ಲಾಸಿನ ತಳಕ್ಕೆ ಚೀಟಿ ಅಂಟಿಸಿ, ಮನೆಯವರಿಗೆ ಜಾಗ ಬದಲಾಯಿಸೋಕೆ ಹೇಳಿ. ಬಣ್ಣ ನೋಡಿ ಗುರುತು ಹಿಡೀತೀನಿ ಅನ್ನೋರು ಗ್ಲಾಸಿಗೆ ನ್ಯೂಸ್‌ಪೇಪರ್ ಸುತ್ತಿ. ಬಣ್ಣಕ್ಕಂತೂ ಮಾರ್ಕ್ಸ್ ಕೊಡಲೇಬೇಡಿ, ಎಷ್ಟೋ ಬಾಟ್ಲಿಗಳಲ್ಲಿ ಆ ಹೊಂಬಣ್ಣ ಇ150ಎ ಅನ್ನೋ ಕ್ಯಾರಮೆಲ್ ಬಣ್ಣದ್ದು.

ಈಗ ತಕರಾರು: ಫ್ಯೂಷನ್ ಯಾವಾಗಲೂ ಕೊನೇಲಿ ಬರುತ್ತೆ ಅಂತ ಗೊತ್ತಿದ್ರೆ ಬ್ಲೈಂಡ್ ಎಲ್ಲಿ ಉಳೀತು? ಅದಕ್ಕೇ ಹೊಗೆ ಇಲ್ಲದ ಮೂರನ್ನ ಒಂದು ದಿನ ಇಟ್ಕೊಳ್ಳಿ. ಫ್ಯೂಷನ್ನ ಬೇರೆ ದಿನ, ಹೊಗೆ ಇರೋ ಇನ್ನೊಂದರ ಜೊತೆ, ಉದಾಹರಣೆಗೆ ಪಾಲ್ ಜಾನ್ ಬೋಲ್ಡ್.

"ಎರಡು ಪಟ್ಟು ದುಡ್ಡು ಕೊಟ್ಟಿದ್ದಕ್ಕೆ ವ್ಯತ್ಯಾಸ ಇದೆಯಾ" ಅನ್ನೋದಕ್ಕೆ ಮಾರ್ಕ್ಸೇ ಬೇಡ, ಮೂರು ಗ್ಲಾಸಿನ ಪರೀಕ್ಷೆ ಸಾಕು. ಎರಡರಲ್ಲಿ ಒಂದೇ ವಿಸ್ಕಿ, ಮೂರನೇದ್ರಲ್ಲಿ ಬೇರೆ, ಎಲ್ಲಾ ಒಂದೇ ಸ್ಟ್ರೆಂತ್‌ಗೆ ಇಳಿಸಿ, ತಲಾ 5 ಎಂಎಲ್. ಬೇರೆ ಇರೋದು ಯಾವುದು ಅಂತ ಹೇಳಿ. ಕಣ್ಣು ಮುಚ್ಚಿ ಊಹೆ ಮಾಡಿದ್ರೂ ಮೂರರಲ್ಲಿ ಒಂದು ಸಲ ಸರಿ ಬರುತ್ತೆ, ಹಾಗಾಗಿ ಒಂದು ಸಲ ಹೊಡೆದ್ರೆ ಕುಣಿಯಬೇಡಿ. ಬರೀ ಊಹೆಯಲ್ಲೇ ಆರು ಸಲದಲ್ಲಿ ನಾಲ್ಕು ಅಥವಾ ಹೆಚ್ಚು ಸರಿ ಬರೋ ಸಾಧ್ಯತೆ 10%. ಐದು ಅಥವಾ ಹೆಚ್ಚು ಸರಿ ಬರೋದು ಅಂದ್ರೆ ಅದು 2%ಗಿಂತ ಕೆಳಗೆ ಇಳಿಯುತ್ತೆ. ಆರು ಸಲವನ್ನ ಒಂದೇ ರಾತ್ರಿ ಮಾಡೋಕೆ ಹೋಗಬೇಡಿ, ಎರಡಾದ್ರೆ ಸಾಕು, ಉಳಿದದ್ದು ಬೇರೆ ದಿನ.

ನೂರರ ಸ್ಕೇಲ್ ಬಿಡಿ. ನೀವು ಮಾಡ್ತಿರೋ 25ರ ನಾಲ್ಕು ಭಾಗ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಪದ್ಧತಿ. 2010ರ ಅವರ ವಿಸ್ಕಿ ಬೈಬಲ್ ಪುಸ್ತಕದಲ್ಲಿ ಇದೇ ಫ್ಯೂಷನ್‌ಗೆ 97 ಕೊಟ್ಟಿದ್ರು. ಸಾವಿರಾರು ವಿಸ್ಕಿ ಮೂಸಿರೋರಿಗೆ 83, 84ರ ವ್ಯತ್ಯಾಸಕ್ಕೆ ಅರ್ಥ ಇರಬಹುದು. ನಮಗೆ ಹತ್ತಕ್ಕೆ, ಅರ್ಧ ಅರ್ಧ ಮಾರ್ಕ್ಸಲ್ಲಿ ಸಾಕು: ವಾಸನೆ 4, ರುಚಿ 4, ನುಂಗಿದ ಮೇಲೆ ಉಳಿಯೋದು 2. ಬ್ಯಾಲೆನ್ಸ್ ಅನ್ನೋ ಕಾಲಂ ಹೊಡೆದು ಹಾಕಿ. ಒಟ್ಟು ಮಾರ್ಕ್ಸ್ ನಮ್ಮ ಮನಸ್ಸಿಗೆ ಬಂದ ಹಾಗೆ ಸರಿದೂಗಿಸೋಕೆ ಮಾಡ್ಕೊಂಡಿರೋ ಜಾಗ ಅದು.

ಚೀಟಿ ಬಿಚ್ಚಿದ ಮೇಲೆ ಬೆಲೆ ಬರೀರಿ. 750 ಎಂಎಲ್ ಬಾಟ್ಲಿಯ ಎಂಆರ್‌ಪಿಯನ್ನ 0.08ರಿಂದ ಗುಣಿಸಿದ್ರೆ ಒಂದು ಲಾರ್ಜ್‌ನ ಬೆಲೆ. ಪಕ್ಕದಲ್ಲಿ "ಮತ್ತೆ ತರ್ತೀನಾ?" ಅಂತ ಒಂದು ಕಾಲಂ, ಹೂಂ ಅಥವಾ ಉಹುಂ. ವರ್ಷ ಆದ ಮೇಲೆ ನೀವು ತಿರುಗಿ ನೋಡೋದು ಈ ಕಾಲಂ ಒಂದನ್ನೇ.

ಸೋಡಾ ಪಕ್ಷ

ಎಲ್ಲಾ ಸರಿ ಗುರೂ, ಆದ್ರೆ 42.8ರ ಬ್ಲೆಂಡನ್ನ ಗ್ಲೆನ್‌ಕೆರ್ನ್‌ನಲ್ಲಿ ನೀಟ್ ಮೂಸಿ ಫೇಲ್ ಮಾಡೋದು ಅನ್ಯಾಯ. ಆ 42.8 ಅನ್ನೋದು ಆಲ್ಕೋಹಾಲ್ ಅಳೆಯೋ ಹಳೇ ಬ್ರಿಟಿಷ್ ಲೆಕ್ಕದ 75 ಡಿಗ್ರಿ ಪ್ರೂಫ್. ಇಂಥ ಬ್ಲೆಂಡ್‌ಗಳಲ್ಲಿ ಹೆಚ್ಚಿನವು ಕಾಕಂಬಿ ಅಥವಾ ಧಾನ್ಯದಿಂದ ತೆಗೆದ ಇಎನ್‌ಎಗೆ (ಹೆಚ್ಚು ಶುದ್ಧ ಮಾಡಿದ, ವಾಸನೆ ರುಚಿ ಇಲ್ಲದ ಆಲ್ಕೋಹಾಲ್) ಒಂದಿಷ್ಟು ಮಾಲ್ಟ್ ವಿಸ್ಕಿ (ಮೊಳಕೆ ಬಾರ್ಲಿಯದ್ದು) ಬೆರೆಸಿದ್ದು, ಮಾಡಿರೋದೇ ಸೋಡಾ, ನೀರು, ಐಸ್ ಜೊತೆ ಕುಡಿಯೋಕೆ. 60 ಎಂಎಲ್‌ಗೆ 120 ಎಂಎಲ್ ಸೋಡಾ ಹಾಕಿದ್ರೆ ಗ್ಲಾಸಲ್ಲಿ ಇರೋದು ಸುಮಾರು 14%. ಐಸ್ ವಾಸನೆ ಅಡಗಿಸುತ್ತೆ, ಸೋಡಾದ ಕಾರ್ಬಾನಿಕ್ ಆಮ್ಲ ಹುಳಿ ಸೇರಿಸುತ್ತೆ. ಅಲ್ಲಿ ಗೆಲ್ಲೋ ಗುಣವೇ ಬೇರೆ: ಸಿಹಿ, ಓಕ್ ಮರದ ವೆನಿಲ್ಲಾ, ಸ್ವಲ್ಪ ಹೊಗೆ ಉಳಿಯುತ್ತೆ, ಸೂಕ್ಷ್ಮ ಹಣ್ಣಿನ ವಾಸನೆ ಮುಳುಗುತ್ತೆ. ಪುಸ್ತಕದಲ್ಲಿ ಸೋಡಾಗೆ ಬೇರೆ ಪುಟ ಮಾಡಿ. ಅಲ್ಲಿಗೆ ಬೆಂಚ್‌ಮಾರ್ಕ್ ಕೂಡ ಬ್ಲೆಂಡೇ ಇರಲಿ, 30ಕ್ಕೆ 60, ಹೊಸದಾಗಿ ಮುಚ್ಚಳ ತೆಗೆದ ಸೋಡಾ. ದುಬಾರಿ ಮಾಲ್ಟ್ ಆ ಪುಟದಲ್ಲಿ ಸೋತರೆ ಆಶ್ಚರ್ಯ ಪಡಬೇಡಿ.

ಉಗಿಯೋ ಲೋಟ ಇದ್ರೂ ಸ್ಕೂಟರ್ ಕೀ ಮುಟ್ಟಬೇಡಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಒಂದು ಲಾರ್ಜ್‌ಗೇ ದಾಟಬಹುದು.

ಬನಶಂಕರಿ ಸೆಕೆಂಡ್ ಸ್ಟೇಜ್

ಥ್ಯಾಂಕ್ಸ್ ಎಲ್ಲರಿಗೂ. ಇನ್ನೆರಡು ಅನುಮಾನ. ವಾಸನೆ ಕಾಲಂನಲ್ಲಿ "ಚೆನ್ನಾಗಿದೆ" ಬಿಟ್ಟು ಏನೂ ಬರೆಯೋಕೆ ಬರ್ತಿಲ್ಲ. ಮತ್ತೆ ಫ್ಯೂಷನ್ ಕಾಲು ಬಾಟ್ಲಿಗೆ ಇಳಿದಿದೆ, ಮೊದಲಿನ ರುಚಿ ಇಲ್ಲ ಅನ್ನಿಸ್ತಿದೆ. ಭ್ರಮೆನಾ?

ಪೀಪಾಯಿ

ಮೊದಲನೇದಕ್ಕೆ ಅಡುಗೆಮನೆ ಸಾಕು. ಮುಚ್ಚಳ ಇರೋ ಚಿಕ್ಕ ಸ್ಟೀಲ್ ಡಬ್ಬಿಗಳಲ್ಲಿ ಕೊಬ್ಬರಿ, ಲವಂಗ, ಜೋನಿ ಬೆಲ್ಲ, ಒಣದ್ರಾಕ್ಷಿ, ಕಳಿತ ಏಲಕ್ಕಿ ಬಾಳೆ ಒಂದೊಂದು ಚೂರು ಹಾಕಿ ಪಕ್ಕದಲ್ಲಿ ಇಟ್ಕೊಳ್ಳಿ. ವಿಸ್ಕಿ ಮೂಸಿ, ಡಬ್ಬಿ ಮೂಸಿ, ಮತ್ತೆ ವಿಸ್ಕಿ. ಇದು ಕವಿತೆ ಅಲ್ಲ, ರಸಾಯನ ನಿಜಕ್ಕೂ ಕೂಡುತ್ತೆ: ಓಕ್ ಮರದ ಲ್ಯಾಕ್ಟೋನ್ ಕೊಬ್ಬರಿಯಂತೆ ಇರುತ್ತೆ, ಅಮೆರಿಕನ್ ಓಕ್‌ನಲ್ಲಿ ಅದು ಜಾಸ್ತಿ. ಲವಂಗದ ಯೂಜೆನಾಲ್ ಓಕ್‌ನಲ್ಲೂ ಇದೆ. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್, ಹುಳಿ ಬರೋವಾಗ ಯೀಸ್ಟ್ ಮಾಡೋದು. ಹೊಗೆಗೆ ಬಚ್ಚಲ ಒಲೆ, ಡೆಟಾಲ್ ಅಂತ ಎರಡು ಬೇರೆ ಪದ ಇಟ್ಕೊಳ್ಳಿ, ಎರಡೂ ಒಂದೇ ಅಲ್ಲ. "ಹೀದರ್ ಹೂ", "ಕ್ರಿಸ್‌ಮಸ್ ಕೇಕ್" ಅಂತ ವಿದೇಶಿ ರಿವ್ಯೂ ನೋಡಿ ಬರೆಯೋದು ವ್ಯರ್ಥ, ಮುಂದಿನ ಸಲ ನಿಮಗೇ ಅದು ಏನಂತ ಗೊತ್ತಾಗಲ್ಲ.

ಲೇಬಲ್‌ನಲ್ಲಿ ವಯಸ್ಸು ಬರೆದಿಲ್ಲ ಅಂತ ಮಾರ್ಕ್ಸ್ ಕಳೆಯಬೇಡಿ. ಬೆಂಗಳೂರಲ್ಲಿ ಪೀಪಾಯಿಯಿಂದ ವರ್ಷಕ್ಕೆ 10–12% ಆವಿ ಆಗಿ ಹೋಗುತ್ತೆ, ಸ್ಕಾಟ್ಲೆಂಡಲ್ಲಿ 2% ಆಸುಪಾಸು. ಅಮೃತ್ ಡಿಸ್ಟಿಲರಿ ಇರೋ ಮೈಸೂರು ರಸ್ತೆ ಕಂಬೀಪುರದ ಸೆಕೆಯಲ್ಲಿ ಮರದ ಜೊತೆ ಕಳೆದ ವರ್ಷವನ್ನ ಅಲ್ಲಿನ ವರ್ಷಕ್ಕೆ ಸಮ ಮಾಡೋಕಾಗಲ್ಲ.

ಐದು ಎಂಎಲ್ ಸಿರಿಂಜ್

ಎರಡನೇದು ಭ್ರಮೆ ಅಲ್ಲ. ಕಾಲು ಬಾಟ್ಲಿ ಅಂದ್ರೆ ಮುಕ್ಕಾಲು ಗಾಳಿ. ತಿಂಗಳುಗಟ್ಟಲೆ ಹಾಗೇ ಬಿಟ್ರೆ ಹಗುರವಾದ ಹಣ್ಣಿನ ವಾಸನೆ, ಹೊಗೆ ಎರಡೂ ಸಣ್ಣಗಾಗುತ್ತೆ. ಮೂರನೇ ಒಂದು ಭಾಗಕ್ಕೆ ಇಳಿದ ತಕ್ಷಣ ಗಾಜಿನ ಚಿಕ್ಕ ಬಾಟ್ಲಿಗಳಿಗೆ ಕತ್ತಿನವರೆಗೂ ತುಂಬಿಸಿಡಿ. ಹೋಮಿಯೋಪತಿ ಅಂಗಡಿಯ 30 ಎಂಎಲ್ ಕಂದು ಬಾಟ್ಲಿ ಚೆನ್ನಾಗಿರುತ್ತೆ. ತಿರುಪು ಮುಚ್ಚಳದ್ದು ಕೇಳಿ, ಡ್ರಾಪರ್‌ನದ್ದು ಬೇಡ, ರಬ್ಬರ್ ವಾಸನೆ ಇಳಿಯುತ್ತೆ. ದೊಡ್ಡ ಬಾಟ್ಲಿನ ನಿಲ್ಲಿಸೇ ಇಡಿ, ವೈನ್ ಥರ ಮಲಗಿಸಿದ್ರೆ ಆಲ್ಕೋಹಾಲ್ ಕಾರ್ಕನ್ನ ತಿಂದು ಪುಡಿ ಮಾಡುತ್ತೆ. ಕಿಟಕಿ ಬಿಸಿಲು ಬೇಡ.

ಬೆಂಚ್‌ಮಾರ್ಕ್ ಬ್ರಿಲಿಯನ್ಸ್‌ಗಂತೂ ಇದು ಬಾಟ್ಲಿ ಓಪನ್ ಮಾಡಿದ ದಿನವೇ ಆಗಬೇಕು. ಅದನ್ನ ಒಂದೇ ಸಲ 25 ಚಿಕ್ಕ ಬಾಟ್ಲಿಗೆ ಹಂಚಿಬಿಡಿ, ಸಿಟ್ಟಿಂಗ್‌ಗೆ ಒಂದು: 15 ನೀಟ್‌ಗೆ, 15 ನೀರಿನ ಸುತ್ತಿಗೆ. ಹಾಗೆ ಎರಡೂ ಸುತ್ತು ಮಾಡೋ ದಿನ ಗ್ಲಾಸ್ ನಾಲ್ಕರ ಬದಲು ಎರಡೇ ಇರಲಿ. ಖಾಲಿ ಆಗೋ ಮುಂಚೆ ಇನ್ನೊಂದು ತಂದು, ಹಳೇದರ ಕೊನೇ ಚಿಕ್ಕ ಬಾಟ್ಲಿ ಜೊತೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಬ್ಯಾಚ್ ಬದಲಾಗಿದ್ರೆ ಅಲ್ಲೇ ಗೊತ್ತಾಗುತ್ತೆ.